ನಂಬಿಕೆಯ ಗಾಡಿ ಕೊಟ್ಟು ಹಳೇ ಮಾಡಿಫೈ ಬೈಕ್ ತಗೊಳ್ಳೋ ಮುನ್ನ: ಯಾವುದು ಮೊದಲು, ಯಾವುದು ಆಮೇಲೆ

ಬಳ್ಳಾರಿ, ಹೊಸಪೇಟೆ, ಗಂಗಾವತಿ, ರಾಯಚೂರು ಕಡೆ ಈ ವ್ಯವಹಾರ ಬಹುತೇಕ ಒಂದೇ ಥರ ಕೆಡುತ್ತದೆ. ಮನೆಯಲ್ಲಿ ಒಂದು ಸ್ಪ್ಲೆಂಡರ್ ಅಥವಾ ಶೈನ್ ಇರುತ್ತದೆ, ಬಟನ್ ಒತ್ತಿದರೆ ಹೊರಡುವಂಥದ್ದು. ಯಾರೋ ಹಳೇ ಬುಲೆಟ್ ಕತ್ತರಿಸಿ ಬಾಬರ್ (ಮಡ್‌ಗಾರ್ಡ್ ಗಿಡ್ಡ ಮಾಡಿ, ತಗ್ಗಿನ ಒಂಟಿ ಸೀಟು ಕೂರಿಸಿದ ಗಾಡಿ) ಮಾಡಿಸಿಟ್ಟಿರುತ್ತಾರೆ, ಇಲ್ಲವೇ ಆರ್‌ಎಕ್ಸ್ 100 ಅಥವಾ ಯೆಜ್ಡಿಯನ್ನು ಕೆಫೆ ರೇಸರ್ (ತಗ್ಗಿದ ಹ್ಯಾಂಡಲ್ ಹಾಕಿದ ರೇಸ್ ಗಾಡಿಯ ರೂಪ) ಮಾಡಿರುತ್ತಾರೆ. "ನಿನ್ ಗಾಡಿ ಕೊಡು, ಮ್ಯಾಲೆ ಇಷ್ಟು ರೊಕ್ಕ ಕೊಡು" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಕೆಲವು ತಿಂಗಳಿಗೆ ಗೋಳು ಶುರು: ಆರ್‌ಸಿ ಹೆಸರಿಗೆ ಆಗ್ತಿಲ್ಲ, ಪಿಸ್ಟನ್ ಸೀಜ್ ಆಗಿ ಎಂಜಿನ್ ಕಚ್ಚಿಕೊಂಡಿದೆ, ಮಿಸ್ತ್ರಿ ಫೋನ್ ಎತ್ತುತ್ತಿಲ್ಲ, ಡ್ಯೂಟಿಗೆ ಬಸ್ಸೇ ಗತಿ.

ಇವುಗಳಲ್ಲಿ ಹೆಚ್ಚಿನವು ಕ್ರಮ ತಪ್ಪಿದ್ದರಿಂದ ಆದ ಎಡವಟ್ಟು. ಗಾಡಿ ನೋಡಲು ಹೋಗುವುದು ಕೊನೆಯ ಕಡೆ ಬರಬೇಕಾದ ಕೆಲಸ, ಅದನ್ನೇ ಎಲ್ಲರೂ ಮೊದಲು ಮಾಡುತ್ತಾರೆ. ನೋಡಿದ ಮೇಲೆ ಮನಸ್ಸು ಜಾರುತ್ತದೆ, ಮನಸ್ಸು ಜಾರಿದ ಮೇಲೆ ಕಾಗದ ಕೇಳಲು ಬಾಯಿ ಬರುವುದಿಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಒಂದು ಹಂತದಲ್ಲಿ "ಬೇಡ" ಎಂಬ ಉತ್ತರ ಬಂದರೆ ಮುಂದಿನದಕ್ಕೆ ಹೋಗುವ ಅಗತ್ಯವೇ ಇಲ್ಲ.

ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಪೆನ್ಸಿಲ್, ತೆಳು ಬಿಳಿ ಹಾಳೆ, ಸಣ್ಣ ಅಯಸ್ಕಾಂತ, ಟಾರ್ಚ್, ಪ್ಲಗ್ ಸ್ಪ್ಯಾನರ್, ಮೂರು ಮಾರುದ್ದದ ನೂಲಿನ ದಾರ, ಹಳೇ ಬಟ್ಟೆ. ಫೋನಿನಲ್ಲಿ ಎಂಪರಿವಾಹನ್ ಆ್ಯಪ್ (ನಂಬರ್ ಹಾಕಿದರೆ ಗಾಡಿಯ ವಿವರ ತೋರಿಸುವ ಸರ್ಕಾರಿ ಆ್ಯಪ್). ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಹಂತ 1: ಈಗಿನ ಗಾಡಿ ಏನೇನು ಮಾಡುತ್ತಿದೆ ಎಂದು ಬರೆಯಿರಿ

ಹದಿನೈದು ದಿನ, ದಿನಕ್ಕೊಂದು ಸಾಲು. ಎಲ್ಲಿಗೆ ಹೋಯಿತು, ಯಾರು ಓಡಿಸಿದರು, ಎಷ್ಟು ಹೊತ್ತಿಗೆ, ಹಿಂದೆ ಯಾರು ಕೂತಿದ್ದರು, ಏನು ಹೇರಿದ್ದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ ಇರುವವರಿಗೆ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವುದು ಒಂದು ಸಾಲು. ಸಿಂಧನೂರು ಕಡೆ ಗದ್ದೆ ಇರುವವರಿಗೆ ಕಾಲುವೆ ದಂಡೆ ಮೇಲೆ ಗೊಬ್ಬರದ ಚೀಲ ಹೇರಿಕೊಂಡು ಹೋಗುವುದು ಇನ್ನೊಂದು.

ಬರೆದ ಮೇಲೆ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಹಾಕಿ: ಅವತ್ತು ಗಾಡಿ ಸ್ಟಾರ್ಟ್ ಆಗದಿದ್ದರೆ ಏನಾಗುತ್ತಿತ್ತು? "ಸ್ವಲ್ಪ ತಡ ಆಗ್ತಿತ್ತು" ಎಂಬ ಉತ್ತರಗಳು ಪರವಾಗಿಲ್ಲ. "ಪಗಾರ ಕಟ್ ಆಗ್ತಿತ್ತು", "ಅಪ್ಪನ್ನ ಡಯಾಲಿಸಿಸ್‌ಗೆ ಕರಕೊಂಡು ಹೋಗಾಕ ಆಗ್ತಿರ್ಲಿಲ್ಲ" ಎಂಬಂಥ ಸಾಲು ಎರಡೇ ಇದ್ದರೂ, ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದಿದ್ದರೂ, ಅದಲುಬದಲಿನ ಮಾತು ಅಲ್ಲಿಗೇ ಮುಗಿಯಿತು. ನಿಮ್ಮದನ್ನು ಇಟ್ಟುಕೊಂಡೇ ಹಳೇದನ್ನು ಎರಡನೇ ಗಾಡಿಯಾಗಿ ಕೊಳ್ಳುವುದು ಬೇರೆ ಮಾತು, ಅದು ಏಳನೇ ಹಂತದಲ್ಲಿದೆ. ಈ ಹಂತವನ್ನು ಯಾರೂ ಮಾಡುವುದಿಲ್ಲ, ಮಾಡಿದವರಲ್ಲಿ ಅರ್ಧ ಜನ ಇಲ್ಲೇ ನಿಲ್ಲುತ್ತಾರೆ ಎಂದು ನನ್ನ ಅಂದಾಜು.

ಇನ್ನೊಂದು ಮಾತು. ಹಳೇ ಮಾದರಿಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಹಳೇ ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್. ನಿಮಗೆ ವಾರದಲ್ಲಿ ರೂಢಿಯಾಗಬಹುದು. ಆದರೆ ಗಡಿಬಿಡಿಯಲ್ಲಿ ಗಾಡಿ ಎತ್ತಿಕೊಂಡು ಹೋಗುವ ತಮ್ಮ ಎದುರಿಗೆ ಟ್ರ್ಯಾಕ್ಟರ್ ಬಂದಾಗ ಬ್ರೇಕ್ ಎಂದುಕೊಂಡು ಗೇರ್ ಒತ್ತುತ್ತಾನೆ. ಮೊಣಕಾಲು ನೋವಿರುವ ಅಪ್ಪನಿಗೆ ಕಿಕ್ ಹೊಡೆಯಲು ಆಗುವುದೇ ಇಲ್ಲ. ಮನೆಯಲ್ಲಿ ಯಾರ್‍ಯಾರು ಓಡಿಸುತ್ತಾರೋ ಅಷ್ಟೂ ಜನರನ್ನು ಕೇಳಿಯೇ ಮುಂದಿನ ಹಂತ.

ಹಂತ 2: ಮಾರುವವರು ಕೊಡುತ್ತಿರುವುದು ಏನು ಎಂದು ಗುರುತಿಸಿ

"ವಿಂಟೇಜ್" ಎಂಬ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತವೆ: ಕಂಪನಿಯಿಂದ ಬಂದಂತೆಯೇ ಇರುವ ಹಳೇ ಗಾಡಿ, ಹಳೇದನ್ನು ಮೂಲ ರೂಪಕ್ಕೆ ತಂದು ರಿಸ್ಟೋರ್ ಮಾಡಿದ್ದು, ಹಳೇ ಎಂಜಿನ್ ಇಟ್ಟುಕೊಂಡು ಚಾಸಿಸ್ (ಗಾಡಿಯ ಕಬ್ಬಿಣದ ಚೌಕಟ್ಟು) ಕೊಯ್ದು, ಹ್ಯಾಂಡಲ್, ಸೀಟು, ಟ್ಯಾಂಕ್ ಬದಲಿಸಿದ್ದು. ಮೂರನೆಯದಕ್ಕೇ ಬೆಲೆಯೂ ಹೆಚ್ಚು, ತಕರಾರೂ ಹೆಚ್ಚು.

"ವಿಂಟೇಜ್ ಗಾಡಿ ಅಣ್ಣಾರ, ಆರ್‌ಟಿಒದವ್ರು ಏನೂ ಅನ್ನಂಗಿಲ್ಲ" ಎಂಬ ಮಾತು ಕೇಳಿಬಂದರೆ ಎಚ್ಚರ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿಸ್‌ಗೂ ಎಂಜಿನ್‌ಗೂ ದೊಡ್ಡ ಬದಲಾವಣೆ ಆಗಿರದ ಗಾಡಿ ಮಾತ್ರ ವಿಂಟೇಜ್. ಅದಕ್ಕೆ 'ವಿಎ' ಅಕ್ಷರವಿರುವ ಬೇರೆ ಸರಣಿಯ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅಷ್ಟು ಕೊಟ್ಟರೂ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಅಲ್ಲಿಗೆ ಕತ್ತರಿಸಿದ ಬಾಬರ್ ಕಾನೂನಿನ ಲೆಕ್ಕದಲ್ಲಿ ವಿಂಟೇಜ್ ಆಗುವುದೇ ಇಲ್ಲ. ಅದು ಬದಲಾಯಿಸಿದ ಹಳೇ ಗಾಡಿ, ಅಷ್ಟೇ.

ಬದಲಾಯಿಸಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸಿದ ವಾಹನವನ್ನು ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ದಂಡ ಪ್ರತಿ ಬದಲಾವಣೆಗೆ 5,000 ರೂಪಾಯಿ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಬಣ್ಣ ಬದಲಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳುವುದಕ್ಕೂ ಚಾಸಿಸ್ ಕೊಯ್ಯುವುದಕ್ಕೂ ಬಹಳ ಅಂತರವಿದೆ. ಗಾಡಿಗೆ ಆದ ಬದಲಾವಣೆಗಳ ಪಟ್ಟಿ ಮಾಡುವಾಗ ಮೂಲ ರೂಪಕ್ಕೆ ತಿರುಗಿ ತರಬಹುದಾದ ಬದಲಾವಣೆ ಯಾವುದು, ತರಲಾಗದ್ದು ಯಾವುದು ಎಂದು ಎರಡು ಭಾಗ ಮಾಡಿ. ಬೋಲ್ಟ್ ಬಿಚ್ಚಿದರೆ ಹೋಗುವಂಥದ್ದಾದರೆ ಮಾತಾಡೋಣ. ಕೊಯ್ದು ವೆಲ್ಡ್ ಮಾಡಿದ್ದಾದರೆ ನನ್ನ ಸಲಹೆ, ಬಿಟ್ಟುಬಿಡಿ.

ಹಂತ 3: ಕಾಗದ

ಗಾಡಿ ನೋಡುವ ಮೊದಲೇ ಆರ್‌ಸಿಯ ಎರಡೂ ಬದಿಯ ಫೋಟೋ ತರಿಸಿಕೊಳ್ಳಿ. "ಮನಿಗಿ ಬರ್ರಿ, ತೋರಿಸ್ತೀನಿ" ಎಂದರೆ ಕಾಗದ ಸರಿ ಇಲ್ಲ ಎಂದೇ ತಿಳಿಯಿರಿ.

ಮೊದಲು ನಂಬರನ್ನು ಎಂಪರಿವಾಹನ್‌ನಲ್ಲಿ ಹಾಕಿ. ಕೆಎ-34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ. ತೊಂಬತ್ತರ ದಶಕದ ಅಥವಾ ಅದಕ್ಕೂ ಹಿಂದಿನ ಪುಸ್ತಕದ ಆರ್‌ಸಿಗಳು ಕಂಪ್ಯೂಟರಿಗೆ ಏರದೇ ಉಳಿದಿರಬಹುದು. ಆಗ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅದು ಮಾರುವವರ ಕೆಲಸ. ನೀವು ತಗೊಂಡು ಮಾಡಿಸುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ಹಳೇ ಕಡತ ಸಿಗದಿದ್ದರೆ ಗಾಡಿ ನಿಮ್ಮ ಅಂಗಳದಲ್ಲೇ ನಿಲ್ಲುತ್ತದೆ.

ಎರಡನೆಯದು ಅವಧಿ. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಕೊಯ್ದ ಚಾಸಿಸ್ ಸಿಕ್ಕಿಬೀಳುವುದು ಅಲ್ಲೇ. ಆರ್‌ಸಿಯ ಅವಧಿ ಇನ್ನೆಷ್ಟು ತಿಂಗಳಿದೆ ನೋಡಿ. ಸದ್ಯದಲ್ಲೇ ಮುಗಿಯುವುದಿದ್ದರೆ ಆ ಅಡ್ಡಿ ತಮ್ಮ ತಲೆಗೆ ಬರದಿರಲಿ ಎಂದೇ ಅವರು ಮಾರುತ್ತಿರಬಹುದು. ಹಸಿರು ತೆರಿಗೆ, ನಂಬರ್ ಪ್ಲೇಟ್ (2019ರ ಏಪ್ರಿಲ್ 1ಕ್ಕೂ ಮುಂಚಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚಿನ ಭದ್ರತೆಯ ಪ್ಲೇಟ್, ಬೇಕು) ಇವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರನೆಯದು ಹೆಸರು. ಆರ್‌ಸಿಯಲ್ಲಿ ಇರುವ ವ್ಯಕ್ತಿ ಯಾರು, ಬದುಕಿದ್ದಾರಾ, ಸಹಿ ಹಾಕಲು ಬರುತ್ತಾರಾ? ನಮ್ಮ ಕಡೆ ಹಳೇ ಬುಲೆಟ್‌ಗಳು ಮೂರು ನಾಲ್ಕು ಕೈ ದಾಟಿರುತ್ತವೆ, ಆರ್‌ಸಿ ಮಾತ್ರ ಮೊದಲ ಯಜಮಾನರ ಹೆಸರಲ್ಲೇ. ಸಹಿ ಮಾಡಿದ ಖಾಲಿ ಫಾರಂ ಒಂದು ಕವರಿನಲ್ಲಿ ಗಾಡಿ ಜೊತೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಆ ಕವರ್ ಕಂಡರೆ ವಾಪಸ್ ಬನ್ನಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಆದ ಮೇಲಷ್ಟೇ ನಿಮ್ಮ ಹೆಸರಿಗೆ.

ನಾಲ್ಕನೆಯದು, ಗಡಿ ಆಚೆಯ ಗಾಡಿ. ಆದೋನಿ, ಗುಂತಕಲ್, ಗದ್ವಾಲ್ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗಳು ಇಲ್ಲಿ ಬಹಳ. ಅದಕ್ಕೆ ಆ ರಾಜ್ಯದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ತೆರಿಗೆ ಕಟ್ಟಬೇಕು. ಎನ್‌ಒಸಿ ಕೈಗೆ ಬರುವವರೆಗೆ ಸಣ್ಣ ಅಡ್ವಾನ್ಸ್ ಬಿಟ್ಟು ಬೇರೇನೂ ಕೊಡಬೇಡಿ.

ಇನ್ನು ನಿಮ್ಮ ಗಾಡಿಯ ಕಾಗದ. ಇದನ್ನು ಮರೆಯುವವರೇ ಹೆಚ್ಚು. ನಿಮ್ಮ ಸ್ಪ್ಲೆಂಡರ್ ಅವರ ಕೈಗೆ ಹೋಗಿ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿದು, ಎಲ್ಲೋ ಲಿಂಗಸುಗೂರು ರಸ್ತೆಯಲ್ಲಿ ಅಪಘಾತವಾದರೆ ಪರಿಹಾರದ ಕೇಸು ಬರುವುದು ನಿಮ್ಮ ಮನೆಗೆ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನಿಂದ ಫಾರಂ 35 ಮತ್ತು ಎನ್‌ಒಸಿ ತಂದು ಆರ್‌ಸಿಯಿಂದ ಸಾಲದ ನಮೂದು ತೆಗೆಸಿ. ಇದಕ್ಕೆ ದಿನ ಹಿಡಿಯುತ್ತದೆ, ಮೊದಲೇ ಶುರು ಮಾಡಿ.

ಹಂತ 4: ಗಾಡಿಗಿಂತ ಮೊದಲು ಮಿಸ್ತ್ರಿ

ನಿಮ್ಮೂರಲ್ಲಿ ಈ ಗಾಡಿಯ ಕೆಲಸ ಬಲ್ಲವರು ಯಾರು? ಬೈಪಾಸಿನ ಪಂಕ್ಚರ್ ಅಂಗಡಿಯಲ್ಲಿ ಸ್ಪ್ಲೆಂಡರ್‌ನ ಕ್ಲಚ್ ಕೇಬಲ್ ಸಿಗುತ್ತದೆ, ಯೆಜ್ಡಿಯದು ಸಿಗುವುದಿಲ್ಲ. ಯೆಜ್ಡಿ ಕಟ್ಟುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಈಗ ಸಿಗುವ ಬಿಡಿಭಾಗಗಳಲ್ಲಿ ಬಹುಪಾಲು ಡೂಪ್ಲಿಕೇಟ್ ಇಲ್ಲವೇ ಬೇರೆ ಗಾಡಿಯಿಂದ ಬಿಚ್ಚಿದ್ದು. ಬೆಂಗಳೂರಿನ ಜೆ.ಸಿ. ರಸ್ತೆಗೋ ಹೈದರಾಬಾದಿಗೋ ಹೇಳಿ ತರಿಸಬೇಕು.

ಮಿಸ್ತ್ರಿಯನ್ನು ಪರೀಕ್ಷಿಸುವುದು ಸುಲಭ. ಗಾಡಿಯ ಹೆಸರು ಹೇಳಿ ಸುಮ್ಮನಿರಿ. "ಯಾವ ಮಾಡಲ್? ಪಾಯಿಂಟ್ ಐತಾ, ಸಿಡಿಐ ಹಾಕ್ಯಾರಾ? ಬೋರ್ ಎಷ್ಟು ಸಲ ಹೊಡಿಸ್ಯಾರ?" ಎಂದು ತಿರುಗಿ ಕೇಳಿದವರು ಬಲ್ಲವರು. "ತರ್‍ರಿ, ಮಾಡೂಣು" ಎಂದಷ್ಟೇ ಹೇಳಿದವರು ನಿಮ್ಮ ಗಾಡಿಯ ಮೇಲೆ ಕಲಿಯುತ್ತಾರೆ. ಬೋರ್ ಮಾಡುವ (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಸರಿಮಾಡುವ) ಲೇತ್ ಅಂಗಡಿ ಎಲ್ಲಿ, ವೈರಿಂಗ್ ಯಾರು ಮಾಡುತ್ತಾರೆ ಎಂಬುದನ್ನೂ ಅವರಿಂದಲೇ ಬರೆದುಕೊಳ್ಳಿ. ಗಾಡಿ ನೋಡುವ ದಿನ ಅರ್ಧ ದಿನದ ಕೂಲಿ ಕೊಟ್ಟು ಅವರನ್ನೇ ಕರೆದೊಯ್ಯಿರಿ. ಮಾರುವವರ ಮಿಸ್ತ್ರಿಯ ಮಾತಿಗೆ ಬೆಲೆ ಇಲ್ಲ. ಬಲ್ಲ ಮಿಸ್ತ್ರಿ ಬಳ್ಳಾರಿಯಲ್ಲಿದ್ದು ನೀವು ಕುಷ್ಟಗಿಯಲ್ಲಿದ್ದರೆ, ಸಣ್ಣ ಕೆಲಸಕ್ಕೂ ಗಾಡಿಯನ್ನು ಟಾಟಾ ಏಸ್‌ನಲ್ಲಿ ಹೇರಬೇಕಾಗುತ್ತದೆ.

ಹಂತ 5: ಈಗ ಗಾಡಿ ನೋಡಿ

ಬೆಳಿಗ್ಗೆ ಏಳಕ್ಕೇ ಹೋಗಿ. ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ. ಬೆಚ್ಚಗಿದ್ದರೆ ಅವರು ತಣ್ಣಗಿನ ಸ್ಟಾರ್ಟಿಂಗ್ ಸಮಸ್ಯೆ ಮುಚ್ಚಿಡುತ್ತಿದ್ದಾರೆ. ಇನ್ನೊಂದು ದಿನ ಬರುತ್ತೇನೆಂದು ಎದ್ದುಬನ್ನಿ.

ಮೊದಲು ಚಾಸಿಸ್ ನಂಬರ್. ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ, ಆರ್‌ಸಿಗೆ ಹೋಲಿಸಿ. ಅಂಕಿಗಳು ಏರುಪೇರಾಗಿದ್ದರೆ, ಅಷ್ಟೇ ಜಾಗಕ್ಕೆ ಹೊಸ ಬಣ್ಣ ಹೊಡೆದಿದ್ದರೆ, ಗ್ರೈಂಡರ್ ಗೆರೆ ಕಂಡರೆ ಕದ್ದ ಗಾಡಿಯಿರಬಹುದು. ಎಂಜಿನ್ ನಂಬರ್ ಹೊಂದದಿದ್ದರೆ, ಎಂಜಿನ್ ಬದಲಿಸಿದ್ದಕ್ಕೆ ಆರ್‌ಸಿಯಲ್ಲಿ ನಮೂದು ಇದೆಯಾ ಕೇಳಿ.

ಆಮೇಲೆ ನಿಮ್ಮ ಕಾಲಿನಿಂದಲೇ ಕಿಕ್ ಹೊಡೆಯಿರಿ. ಅವರಿಗೆ ಆ ಗಾಡಿಯ ಹಟ ಗೊತ್ತಿರುತ್ತದೆ. ನೀಲಿ ಹೊಗೆ ನಿಲ್ಲದೇ ಬಂದರೆ ಫೋರ್ ಸ್ಟ್ರೋಕ್‌ನಲ್ಲಿ ರಿಂಗ್ ಅಥವಾ ವಾಲ್ವ್ ಗೈಡ್ ಹೋಗಿದೆ. ಟೂ ಸ್ಟ್ರೋಕ್‌ನಲ್ಲಿ ಹೊಗೆ ಸಹಜ, ಅಲ್ಲಿ ಪ್ಲಗ್ ಬಿಚ್ಚಿ ನೋಡಬೇಕು: ಕಂದು ಬಣ್ಣ ಸರಿ, ಬೆಳ್ಳಗೆ ಒಣಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಪಿಸ್ಟನ್ ಸೀಜ್ ಆಗುವುದು ಅಲ್ಲಿಂದಲೇ.

ಮಾಡಿಫೈ ಮಾಡಿದ ಗಾಡಿಯಲ್ಲಿ ಇದು ಯಾಕೆ ಹೆಚ್ಚು ಎಂದರೆ, ಚೆಂದ ಕಾಣಲೆಂದು ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಬಾಯಿಗೆ ಸಣ್ಣ ಕೋನ್ ಫಿಲ್ಟರ್ ಸಿಕ್ಕಿಸಿರುತ್ತಾರೆ. ಗಾಳಿ ಹೆಚ್ಚು ನುಗ್ಗುತ್ತದೆ, ಅದಕ್ಕೆ ತಕ್ಕ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಹಾಕಿರುವುದಿಲ್ಲ. ಮೇಲಾಗಿ ನಮ್ಮ ಧೂಳು. ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಲಾರಿಗಳ ಹಿಂದೆ ಒಂದು ಸಲ ಹೋಗಿಬಂದವರಿಗೆ ಅಂಗಿಯ ಕಾಲರ್ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಶಕ್ತಿನಗರದ ಕಡೆ ವಿದ್ಯುತ್ ಸ್ಥಾವರದ ಹಾರುಬೂದಿ. ಎಂಜಿನ್ ಆರಿಸಿ, ಕೋನ್ ಫಿಲ್ಟರ್ ಬಿಚ್ಚಿ, ಕಾರ್ಬೊರೇಟರ್ ಬಾಯೊಳಗೆ ತೋರುಬೆರಳು ಹಾಕಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆಯಿರಿ. ಬೆರಳಿಗೆ ಪೆಟ್ರೋಲಿನ ಜೊತೆ ಕೆಂಪು ಮೆತ್ತಿದರೆ ಆ ಧೂಳು ಬೋರಿಗೂ ಹೋಗಿದೆ. ಬೋರು, ಪಿಸ್ಟನ್, ರಿಂಗ್ ಖರ್ಚನ್ನು ಬೆಲೆಯಲ್ಲಿ ಮುರಿದೇ ಮಾತಾಡಿ.

ಬೆಳಗಿನ ಪರೀಕ್ಷೆ ಸಾಲದು. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಅರ್ಧ ತಾಸು ಓಡಿಸಿ, ಬಿಸಿಲಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಿಕ್ ಹೊಡೆಯಿರಿ. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಎದ್ದ ಗಾಡಿ ಬಿಸಿಯಲ್ಲಿ ಮೊಂಡು ಹಿಡಿದರೆ ಕಾಯಿಲ್, ಕಂಡೆನ್ಸರ್ ಅಥವಾ ಕಾರ್ಬೊರೇಟರ್ ತೊಂದರೆ. ರಿಪೇರಿ ಆಗುತ್ತದೆ, ಆದರೆ ಬೆಲೆ ಇಳಿಯಬೇಕು.

ಮುಂದಿನವು ಬೇಗ ಮುಗಿಯುತ್ತವೆ. ಟ್ಯಾಂಕಿನ ಮೇಲೆ ಬಟ್ಟೆ ಹಾಸಿ ಅಯಸ್ಕಾಂತ ಸರಿಸಿ, ಹಿಡಿಯದ ಕಡೆ ಒಳಗೆ ಪುಟ್ಟಿ. ಫೋನ್ ದೂರವಿಟ್ಟು, ಎಂಜಿನ್ ಆರಿಸಿ, ಮುಚ್ಚಳ ತೆಗೆದು ಟಾರ್ಚ್ ಬೆಳಕಲ್ಲಿ ಒಳಗಿನ ತುಕ್ಕು ನೋಡಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಹ್ಯಾಂಡಲ್ಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ, ರೇಸ್ ಏರಿದರೆ ಕೇಬಲ್ ಗಿಡ್ಡ, ತಿರುವಿನಲ್ಲಿ ಅದೇ ಬೀಳಿಸುತ್ತದೆ. ಹಿಂದಿನ ಟೈರಿಗೆ ದಾರ ಸುತ್ತಿ ಎರಡೂ ಬದಿಯಿಂದ ಮುಂದಿನ ಟೈರಿನವರೆಗೆ ಎಳೆಯಿರಿ. ಹ್ಯಾಂಡಲ್ ನೇರವಿದ್ದಾಗ ಎರಡೂ ಬದಿಯ ಸಂದು ಸಮ ಬರದಿದ್ದರೆ ಚಾಸಿಸ್ ಸೊಟ್ಟ. ಸೀಟಿನ ಕೆಳಗೆ ವೈರುಗಳಿಗೆ ಬರೀ ಟೇಪು ಸುತ್ತಿದ್ದು, ಫ್ಯೂಸ್ ಕಾಣದಿದ್ದರೆ ಪೂರ್ತಿ ವೈರಿಂಗ್ ಖರ್ಚು ಸೇರಿಸಿ.

ಮಡ್‌ಗಾರ್ಡ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಾಬರ್‌ಗಳಲ್ಲಿ ಅದನ್ನು ಟೈರಿಗೆ ಅಂಟಿಸಿದಂತೆ ಕೂರಿಸುತ್ತಾರೆ. ಸಿಂಧನೂರು, ಮಾನ್ವಿ ಕಡೆಯ ಎರೆಮಣ್ಣಿನ ದಾರಿಯಲ್ಲಿ ಮಳೆ ಬಂದರೆ ಆ ಸಂದಿಗೆ ಮಣ್ಣು ತುಂಬಿ ಚಕ್ರ ತಿರುಗುವುದೇ ಇಲ್ಲ. ಸಂದಿನಲ್ಲಿ ಎರಡು ಬೆರಳು ಆಡದಿದ್ದರೆ ಹೊಲದ ದಾರಿಗೆ ಆ ಗಾಡಿ ಬಾರದು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್, ಸೀರೆ ಗಾರ್ಡ್ ಇರಲೇಬೇಕೆಂದು ನಿಯಮವೇ ಇದೆ. ಮಾಡಿಫೈ ಮಾಡುವವರು ಮೊದಲು ಕಿತ್ತುಹಾಕುವುದೂ ಇವನ್ನೇ.

ಹಂತ 6: ಲೆಕ್ಕ

ನೋಟ್‌ಬುಕ್ಕಿನಲ್ಲಿ ಎರಡೂ ಗಾಡಿಗೆ ಬೇರೆ ಬೇರೆ ಬೆಲೆ ಬರೆಯಿರಿ. ಅದಲುಬದಲಿನ ಮಾತಿನಲ್ಲಿ ಕಿವಿಗೆ ಬೀಳುವುದು "ಮ್ಯಾಲೆ ಎಷ್ಟು" ಎಂಬ ಒಂದೇ ಅಂಕಿ. ನಿಮ್ಮ ಗಾಡಿಗೆ ಎಷ್ಟು ಹಿಡಿದರು, ಅವರದಕ್ಕೆ ಎಷ್ಟು ಏರಿಸಿದರು ಎಂಬುದು ಅದರಲ್ಲಿ ಮುಚ್ಚಿಹೋಗುತ್ತದೆ. ನಿಮ್ಮದನ್ನು ಬೇರೆಯವರಿಗೆ ನಗದಿಗೆ ಮಾರಿದರೆ ಎಷ್ಟು ಬರುತ್ತದೆ ಎಂದು ಇಬ್ಬರು ಡೀಲರುಗಳನ್ನು ಕೇಳಿ ಬರೆದುಕೊಳ್ಳಿ.

ಅದರ ಕೆಳಗೆ ಐದನೇ ಹಂತದಲ್ಲಿ ಸಿಕ್ಕ ರಿಪೇರಿಗಳು, ಮೂರನೇ ಹಂತದ ಶುಲ್ಕ ತೆರಿಗೆಗಳು, ಇನ್ಶೂರೆನ್ಸ್. ಬದಲಾವಣೆಯನ್ನು ಕಂಪನಿಗೆ ತಿಳಿಸದೇ ಪಾಲಿಸಿ ಮಾಡಿಸಿದರೆ ಕ್ಲೇಮು ತಿರಸ್ಕಾರವಾಗಬಹುದು. ಪೆಟ್ರೋಲಿನದು ಇನ್ನೊಂದು ಖರ್ಚು: ಈಗ ಪಂಪುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಯ ಪೈಪು, ಕಾರ್ಬೊರೇಟರಿನ ರಬ್ಬರ್ ಭಾಗಗಳು ಅದಕ್ಕೆಂದು ಮಾಡಿದ್ದಲ್ಲ, ಉಬ್ಬುತ್ತವೆ, ಸೀಳುತ್ತವೆ. ಎಥೆನಾಲ್ ನೀರು ಹೀರುವುದರಿಂದ ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಪೈಪು, ರಬ್ಬರ್ ಭಾಗಗಳನ್ನು ತಗೊಂಡ ವಾರದಲ್ಲೇ ಬದಲಿಸುವ ಖರ್ಚು ಹಿಡಿಯಿರಿ.

ಕೊನೆಗೆ, ಮತ್ತೆ ಮಾರಿದರೆ? ಸ್ಪ್ಲೆಂಡರ್ ಸಂತೆಯ ದಿನವೇ ಹೋಗುತ್ತದೆ. ಒಬ್ಬರ ಅಭಿರುಚಿಗೆ ಕೊಯ್ದ ಗಾಡಿಗೆ ಅದೇ ಅಭಿರುಚಿಯ ಇನ್ನೊಬ್ಬರು ಸಿಗುವವರೆಗೆ ಕಾಯಬೇಕು.

ಹಂತ 7: ತೀರ್ಮಾನ

ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲ, ಕೊಡುತ್ತಿರುವುದು ಕೊಯ್ದ ಚಾಸಿಸ್, ಅಥವಾ ಆರ್‌ಸಿಯ ಮಾಲೀಕರು ಎದುರಿಗೆ ಬರುವುದಿಲ್ಲ: ಈ ಮೂರರಲ್ಲಿ ಯಾವುದೇ ಒಂದಿದ್ದರೂ ಬೇಡ. ಇಲ್ಲಿ ಚೌಕಾಸಿ ಇಲ್ಲ.

ಈ ಮೂರೂ ಇಲ್ಲ, ಕಾಗದ ಸರಿ ಇದೆ, ಮಿಸ್ತ್ರಿ ಹತ್ತಿರದಲ್ಲಿದ್ದಾರೆ, ಆದರೆ ಮೊದಲ ಹಂತದ ಪಟ್ಟಿಯಲ್ಲಿ ತಪ್ಪಿಸಲಾಗದ ಓಡಾಟ ಇದೆ ಎಂದಾದರೆ ದುಡ್ಡು ಕೂಡಿಸಿ ಎರಡನೇ ಗಾಡಿಯಾಗಿ ತಗೊಳ್ಳಿ. ಆನೆಗುಂದಿ ಕಡೆ ಭಾನುವಾರದ ಸುತ್ತಾಟಕ್ಕೆ ಹಳೇದು, ಸೋಮವಾರದ ಡ್ಯೂಟಿಗೆ ನಿಮ್ಮದು. ಒಂದು ಬೇಸಿಗೆ, ಒಂದು ಮಳೆಗಾಲ ಹಾಗೇ ನಡೆಸಿ. ಅಷ್ಟರಲ್ಲಿ ನಿಮ್ಮ ಗಾಡಿಯ ಕೀ ಎಷ್ಟು ಸಲ ಎತ್ತಿಕೊಂಡಿರಿ ಎಂಬುದರಿಂದಲೇ ಅದನ್ನು ಮಾರಬಹುದೋ ಇಲ್ಲವೋ ತಿಳಿಯುತ್ತದೆ. ನೇರ ಅದಲುಬದಲು ಒಪ್ಪುವುದು ಮನೆಯಲ್ಲಿ ಬೇರೆ ಗಾಡಿ ಇದ್ದು, ಹಳೇ ಗಾಡಿ ಮೂಲ ರೂಪಕ್ಕೆ ಹತ್ತಿರವಿದ್ದಾಗ ಮಾತ್ರ.

ಹಂತ 8: ಕೊಡುವ ದಿನ

ಎರಡೂ ಗಾಡಿಗೆ ಹೆಸರು ವರ್ಗಾವಣೆಯ ಪ್ರತ್ಯೇಕ ಫಾರಂ 29, 30. ಎರಡೂ ಕಡೆಯವರ ಗುರುತಿನ ಚೀಟಿಯ ಜೆರಾಕ್ಸ್. ಗಾಡಿ ಕೈ ಬದಲಾದ ದಿನಾಂಕ ಮತ್ತು ಗಂಟೆ ಬರೆದ ಚೀಟಿಗೆ ಇಬ್ಬರ, ಸಾಕ್ಷಿಗಳ ಸಹಿ. ಅವತ್ತು ಮಧ್ಯಾಹ್ನವೇ ಅಪಘಾತವಾದರೆ ಆ ಗಂಟೆಗೇ ಬೆಲೆ. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಹೊರ ರಾಜ್ಯಕ್ಕಾದರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ. ಬಾಕಿ ಚಲನ್‌ಗಳನ್ನು ಅವತ್ತೇ ಕಟ್ಟಿಸಿ.

"ನೀವು ಗಾಡಿ ತಗೊಂಡು ಹೋಗ್ರಿ, ಕಾಗದ ಆಮ್ಯಾಲೆ ನೋಡೂಣು" ಎಂಬ ಮಾತು ಈ ದಿನವೇ ಬರುತ್ತದೆ, ಅದೂ ಚಹಾ ಕುಡಿಯುತ್ತಾ. ಇಬ್ಬರೂ ಒಟ್ಟಿಗೆ ಆರ್‌ಟಿಒಗೆ ಹೋಗಿ ಅರ್ಜಿ ಕೊಟ್ಟು ರಸೀದಿ ಪಡೆಯುವವರೆಗೆ ನಿಮ್ಮ ಗಾಡಿಯ ಕೀ ನಿಮ್ಮ ಜೇಬಿನಲ್ಲೇ ಇರಲಿ. ಸೋಮವಾರ ಕಚೇರಿ ತೆಗೆಯುತ್ತದೆ ಎಂದರೆ ಸೋಮವಾರವೇ ಬರುತ್ತೇನೆಂದು ಹೇಳಿ ಚಹಾ ಮುಗಿಸಿ ನಿಮ್ಮ ಗಾಡಿಯಲ್ಲೇ ಮನೆಗೆ ಬನ್ನಿ.